ನಮ್ಮ ಗದ್ದೆಯ ಮಣ್ಣು ಮತ್ತು ಜೀವಾಣು ಗೊಬ್ಬರ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮಣ್ಣು ಬಹುಪಾಲು ಮುರಕಲ್ಲಿನಿಂದ ಹುಟ್ಟಿದುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಇದರ ಮೇಲೆ ಸುರಿದು ಸುಣ್ಣ, ಪೊಟ್ಯಾಶ್ ಮುಂತಾದುವನ್ನು ತೊಳೆದೊಯ್ಯುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಹುಳಿ. ಹಿಂದಿನವರು ಹಟ್ಟಿಗೊಬ್ಬರ, ಸೊಪ್ಪು, ಸುಡುಮಣ್ಣು ಹಾಕಿ ಈ ನಷ್ಟವನ್ನು ತುಂಬುತ್ತಿದ್ದರು. ಈಗ ಹಟ್ಟಿಗಳು ಬರಿದಾಗಿ ಯೂರಿಯಾ ಚೀಲ ಬಂದಿದೆ. ಅತಿಯಾದರೆ ಅದು ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇಂತಹ ಮಣ್ಣಿಗೆ ಜೀವಾಣು ಗೊಬ್ಬರವೇ ಮದ್ದೆಂಬ ಮಾತು ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸಲು ಇಲ್ಲಿ ಯತ್ನಿಸಿದ್ದೇನೆ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಅದನ್ನು ಹಿಡಿದುಕೊಡುತ್ತದೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿ ಈ ಜೀವಾಣುವನ್ನು ಬೇರ್ಪಡಿಸಿದನು. ನಮ್ಮಲ್ಲಿ ಭತ್ತದ ಕೊಯ್ಲಾದ ಮೇಲೆ ಉದ್ದು, ಹೆಸರು, ನೆಲಗಡಲೆ ಬಿತ್ತುವ ವಾಡಿಕೆಯಿರುವುದರಿಂದ ಇದಕ್ಕೆ ಮನೆ ಸಿದ್ಧವಾಗಿಯೇ ಇದೆ. ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ, ಕೂಡಲೇ ಬಿತ್ತಬೇಕು. ಬಿಸಿಲಿಗಿಟ್ಟ ಪೊಟ್ಟಣ ಬರಿಯ ಕರಿಹುಡಿಯೇ ಸರಿ! ಒಂದು ತಿಂಗಳಾದ ಮೇಲೆ ಗಿಡವೊಂದನ್ನು ಮೆಲ್ಲನೆ ಅಗೆದು ಗಂಟನ್ನು ಸೀಳಿ ನೋಡಿರಿ: ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ, ಹಸುರೋ ಬೂದುಬಣ್ಣವೋ ಇದ್ದರೆ ಇಲ್ಲ. ಪ್ರಯೋಗಶಾಲೆಯಿಲ್ಲದೆ ಮಾಡಬಹುದಾದ ಇಷ್ಟು ಸೊಗಸಾದ ಪರೀಕ್ಷೆ ಬೇರೊಂದನ್ನು ನಾನು ಕಾಣೆ.

ಆದರೆ ಅತಿ ಹುಳಿಯ ಮಣ್ಣಿನಲ್ಲಿ ಗಂಟು ಕಟ್ಟುವುದೇ ಕಡಿಮೆ. ಸಾರಜನಕ ಹಿಡಿಯುವ ಕಾರ್ಯಕ್ಕೆ ಮಾಲಿಬ್ಡಿನಂ ಲೇಶಮಾತ್ರವಾದರೂ ಬೇಕು. ಹುಳಿ ಹೆಚ್ಚಿದಷ್ಟೂ ಅದು ಬೇರಿಗೆ ಸಿಗದು. ನೀರು ನಿಂತಿರುವಾಗ ಗದ್ದೆಯ ಹುಳಿ ತಾನಾಗಿ ತಗ್ಗುತ್ತದೆ ನಿಜ; ನೀರಿಳಿದು ಮಣ್ಣು ಆರಿ ಉದ್ದು ಬಿತ್ತುವ ವೇಳೆಗೆ ಮರಳಿ ಬರುತ್ತದೆ. ರಂಜಕ ಕರಗಿಸುವ ಜೀವಾಣುಗಳ ಪಾಡೂ ಹೆಚ್ಚು ಕಡಿಮೆ ಇದೇ: ಅವು ಬಿಡಿಸಿಕೊಟ್ಟ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮೂ ಪುನಃ ಹಿಡಿದಿಟ್ಟುಕೊಳ್ಳುತ್ತವೆ. ಭತ್ತದ ನೇಜಿಯ ಬೇರನ್ನು ಅಜೋಸ್ಪಿರಿಲಮ್ ಕಲಸಿದ ನೀರಿನಲ್ಲಿ ಅದ್ದಿ ನೆಡುವ ಕ್ರಮವೂ ಉಂಟು. ಅದರ ಫಲ ಗದ್ದೆಯಿಂದ ಗದ್ದೆಗೆ ಬೇರೆ. ಅದೊಂದನ್ನೇ ನಂಬಿ ಉಳಿದ ಗೊಬ್ಬರವನ್ನೆಲ್ಲ ಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಆದುದರಿಂದ ಪೊಟ್ಟಣ ಕೊಳ್ಳುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ, ಸುಣ್ಣ ಎಷ್ಟು ಬೇಕೆಂದು ತಿಳಿಯಬೇಕು. ಬ್ರಹ್ಮಾವರದಲ್ಲಿಯೇ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇರುವುದರಿಂದ ಸಲಹೆಗಾಗಿ ದೂರ ಹೋಗಬೇಕಾಗಿಲ್ಲ. ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹಾಕಬೇಕು. ಜೀವಾಣು ಹಚ್ಚಿದ ಬೀಜಕ್ಕೆ ಸುಟ್ಟ ಸುಣ್ಣ ತಾಗಿದರೆ ಜೀವಾಣು ಸಾಯುತ್ತದೆ. ಹಟ್ಟಿಗೊಬ್ಬರ ಸಾಲದ ಮನೆಯವರು ಉದ್ದಿನ ಗಿಡವನ್ನು ಕೀಳುವ ಬದಲು ಬುಡದಲ್ಲಿ ಕೊಯ್ದರೆ ಬೇರೂ ಗಂಟೂ ಗದ್ದೆಯಲ್ಲಿಯೇ ಉಳಿಯುತ್ತವೆ.