ಹಳೆಯ ನಂಬರ್ ಪ್ಲೇಟು ಓದೋಣ



ನಮ್ಮ ಕೊಟ್ಟಿಗೆ ಅಟ್ಟದಲ್ಲಿ ಒಂದು ತಗಡಿನ ನಂಬರ್ ಪ್ಲೇಟು ಸಿಕ್ಕಿತು. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರ. ಮೊದಲಿಗೆ ಎಂ.ವೈ. ಎಂದಿತ್ತು. "ಇದು ಮೈಸೂರು ಪಟ್ಟಣದ ಗಾಡೀದಾ ತಾತಾ?" ಅಂತ ಕೇಳಿದೆ. "ಪಟ್ಟಣದ್ದಲ್ಲ ಕಣೋ, ಮೈಸೂರು ರಾಜ್ಯದ್ದು" ಅಂದರು.

ಓದುವ ಕ್ರಮ ಹೀಗಿದೆ:

1. ಎಂ.ವೈ. ಎಂಬುದು ಮೈಸೂರು ರಾಜ್ಯದ ಕಾಲದ ಗುರುತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು.

2. ಸಿ.ಎ. ಎಂದು ಶುರುವಾದರೆ ಅದು ಕರ್ನಾಟಕವಾದ ಮೇಲಿನ ನಂಬರು.

3. ಕೆ.ಎ. ಎಂಬುದು 1989ರಲ್ಲಿ ಬಂದ ಹೊಸ ಪದ್ಧತಿ. ಅದರ ಮುಂದಿನ ಅಂಕಿ ಆರ್.ಟಿ.ಓ. ಕಚೇರಿಯದು. 09 ಮೈಸೂರು, 11 ಮಂಡ್ಯ, 13 ಹಾಸನ, 14 ಶಿವಮೊಗ್ಗ.

ನೆನಪಿಡಿ: ಗಾಡಿ ಮೊದಲು ಎಲ್ಲಿ ನೋಂದಣಿಯಾಯಿತು ಎಂಬುದನ್ನಷ್ಟೇ ನಂಬರು ಹೇಳುತ್ತದೆ. ರಾಜ್ಯದೊಳಗೆ ಬೇರೆ ಊರಿಗೆ ಮಾರಿದರೂ ನಂಬರು ಬದಲಾಗುವುದಿಲ್ಲ.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್.ಎಸ್.ಆರ್.ಪಿ. ಪ್ಲೇಟು ಬಂತು. ಆಮೇಲೆ ಹಳೆಯ ಗಾಡಿಗಳಿಗೂ ಅದನ್ನೇ ಹಾಕಿಸಬೇಕಾಯಿತು. ಪೇಂಟರ್ ಕೈಯಲ್ಲಿ ಬರೆದ ಪ್ಲೇಟುಗಳು ಕಡಿಮೆಯಾಗುತ್ತಿವೆ. ಆದ್ದರಿಂದ ಕಂಡ ಕೂಡಲೇ ನೋಟ್‌ಬುಕ್ಕಿನಲ್ಲಿ ಅಕ್ಷರ, ಬಣ್ಣ, ಗಾಡಿಯ ಹೆಸರು ಬರೆದುಕೊಳ್ಳಿ. ಓಡುವ ಗಾಡಿಯ ಪ್ಲೇಟು ಬಿಚ್ಚಬೇಡಿ. ಸಿಕ್ಕಿದ್ದನ್ನು ಬೇರೆ ಗಾಡಿಗೆ ಹಾಕುವುದು ಅಪರಾಧ.

ಇನ್ನೊಂದು ಮಾತು. ಪ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ನಾನು ಬೂದಿ ಹಾಕಿ ಉಜ್ಜಿ, ಕೊನೆಯ ಅಂಕಿಯನ್ನೇ ಅಳಿಸಿಬಿಟ್ಟೆ. ಅದು 3 ಇತ್ತೋ 8 ಇತ್ತೋ, ಈಗ ತಾತನಿಗೂ ನೆನಪಿಲ್ಲ.