ಒಂದು ಚೀಲ, ಒಂದು ಕೋಣೆ, ಒಂದು ಸೀರೆ: ಐಷಾರಾಮಿ ಪ್ರವಾಸದ ಮೊದಲ ಪಾಠ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಜವಳಗೇರಾ ಕಡೆ ಪ್ರವಾಸ ಎಂದರೆ ಸುಗ್ಗಿ ಮುಗಿದ ಮೇಲೆ ಕ್ರೂಸರ್ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಒಂದೇ ದಿನದಲ್ಲಿ ನಾಲ್ಕಾರು ದೇವಸ್ಥಾನ ನೋಡಿ ಬರುವುದು. ಆ ಪ್ರವಾಸಕ್ಕೆ ಅದರದೇ ಆದ ಸಂತೋಷವಿದೆ. ಇನ್ನೊಂದು ಬಗೆಯ ಪ್ರವಾಸವೂ ಇದೆ. ಅದರಲ್ಲಿ ಅವಸರವಿಲ್ಲ. ಉಡುವ ಬಟ್ಟೆ, ತಂಗುವ ಕೋಣೆ, ಕೊಂಡು ತರುವ ವಸ್ತು, ಎಲ್ಲದರಲ್ಲೂ ಒಂದು ಅಂದವಿರುತ್ತದೆ. ಇದನ್ನು ಐಷಾರಾಮಿ ಪ್ರವಾಸ ಎನ್ನುತ್ತಾರೆ. ಇದು ಶ್ರೀಮಂತರ ಮಾತು, ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಸ್ವಲ್ಪ ತಾಳಿ. ಅದರ ಪಾಠಗಳನ್ನು ಒಂದೊಂದಾಗಿ ಹೇಳುತ್ತೇನೆ. ನಿಮಗೆ ಮೊದಲೇ ಏನೂ ಗೊತ್ತಿರಬೇಕಾಗಿಲ್ಲ, ಕುತೂಹಲವಿದ್ದರೆ ಸಾಕು.

ಮೊದಲು ಐಷಾರಾಮ ಎಂದರೇನು ಎಂಬುದನ್ನು ತಿಳಿಯೋಣ. ಅದರಲ್ಲಿ ಮೂರು ಅಂಶಗಳಿವೆ: ಸಾಕಷ್ಟು ಸಮಯ, ದೇಹಕ್ಕೆ ಆರಾಮ, ಕಣ್ಣಿಗೆ ಸೊಗಸು. ಮೊದಲ ಎರಡನ್ನು ಹಣ ಕೊಟ್ಟು ಪಡೆಯಬಹುದು. ಮೂರನೆಯದಕ್ಕೆ ಅಭ್ಯಾಸ ಬೇಕು. ಎಷ್ಟು ದುಡ್ಡು ಸುರಿದರೂ ನೋಡಲು ಬಾರದವರಿಗೆ ಅದು ಸಿಕ್ಕುವುದಿಲ್ಲ. ಆದ್ದರಿಂದ ಈ ಪಾಠದ ತಿರುಳು ಇಷ್ಟೇ: ಕಡಿಮೆ ಆರಿಸಿ, ಒಳ್ಳೆಯದನ್ನು ಆರಿಸಿ, ಆರಿಸಿದ್ದನ್ನು ಪೂರ್ತಿಯಾಗಿ ಅನುಭವಿಸಿ.

ದಾರಿಯ ಆಯ್ಕೆ

ಮೊದಲ ಪ್ರವಾಸಕ್ಕೆ ದೂರದ ದೇಶ ಬೇಡ. ನಕ್ಷೆಯನ್ನು ಮುಂದಿಟ್ಟುಕೊಂಡು ಜವಳಗೇರಾದ ಮೇಲೆ ಬೆರಳಿಡಿ. ಅಲ್ಲಿಂದ ಸಿಂಧನೂರು, ಕಾರಟಗಿ, ಗಂಗಾವತಿ ದಾಟಿದರೆ ಆನೆಗೊಂದಿ. ತುಂಗಭದ್ರೆಯ ಸೇತುವೆ ದಾಟಿದರೆ ಕಮಲಾಪುರ ಮತ್ತು ಹಂಪಿ. ಮರಳುವಾಗ ಬಂದ ದಾರಿ ಹಿಡಿಯಬೇಡಿ. ಕೊಪ್ಪಳ, ಕಿನ್ನಾಳ, ಕುಷ್ಟಗಿ, ಇಳಕಲ್, ಮುದಗಲ್, ಲಿಂಗಸುಗೂರು, ಮಸ್ಕಿ, ಮತ್ತೆ ಸಿಂಧನೂರು. ಇದೊಂದು ಪೂರ್ಣ ಸುತ್ತು. ಯುನೆಸ್ಕೋ 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದ ಹಂಪಿ, ದೇಶದಲ್ಲೆಲ್ಲ ಹೆಸರಾದ ಕೈಮಗ್ಗದ ಸೀರೆ, ಬಣ್ಣದ ಮರಗೆಲಸ, ಎಲ್ಲವೂ ಈ ಸುತ್ತಿನೊಳಗೇ ಇವೆ.

ಇದಕ್ಕೆ ನಾಲ್ಕು ದಿನ ಇಟ್ಟುಕೊಳ್ಳಿ. ಬಂಡೆಗಳು ಕಾದು ಉರಿಯುವ ಬೇಸಿಗೆಯನ್ನು ಬಿಟ್ಟು, ನವೆಂಬರಿನಿಂದ ಫೆಬ್ರವರಿಯೊಳಗೆ ಹೊರಡಿ. ದಿನಕ್ಕೆ ಎರಡೇ ಜಾಗ ನೋಡುವುದೆಂದು ಮೊದಲೇ ನಿರ್ಧರಿಸಿ. ಒಂದು ಬೆಳಿಗ್ಗೆ, ಒಂದು ಸಂಜೆ. ನಡುವಿನ ಹೊತ್ತು ವಿಶ್ರಾಂತಿಗೆ. ಆ ಬಿಡುವು ಇಲ್ಲದಿದ್ದರೆ ಎಂಥ ದೊಡ್ಡ ಹೋಟೆಲಿನಲ್ಲಿ ಇಳಿದರೂ ದಣಿವಷ್ಟೇ ಉಳಿಯುತ್ತದೆ.

ಚೀಲ ತುಂಬುವ ಬಗೆ

ಎರಡನೆಯ ಪಾಠ ಚೀಲದ್ದು. ಬಹಳ ಜನ ‘ಬೇಕಾದೀತು’ ಎಂದು ತುಂಬುತ್ತಾರೆ. ನೀವು ‘ಯಾವ ದಿನ, ಯಾವ ಹೊತ್ತಿಗೆ ಬೇಕು’ ಎಂದು ಕೇಳಿಕೊಂಡು ತುಂಬಿ. ಉತ್ತರವಿಲ್ಲದ ವಸ್ತು ಮನೆಯಲ್ಲೇ ಇರಲಿ. ತೂಕಕ್ಕೆ ಒಂದು ಅಳತೆ ಬೇಕಲ್ಲವೇ? ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಪ್ರಯಾಣಿಕರು ಕೈಯಲ್ಲೇ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ ಇದೆ. ನೀವು ಕಾರಿನಲ್ಲಿ ಹೋದರೂ ಆ 7 ಕಿಲೋ ಲೆಕ್ಕವನ್ನೇ ಇಟ್ಟುಕೊಳ್ಳಿ. ಮುಂದೆ ವಿಮಾನ ಹತ್ತುವ ದಿನಕ್ಕೂ ಅದು ಅಭ್ಯಾಸವಾಗಿರುತ್ತದೆ.

ಈಗ ಬಟ್ಟೆ. ಒಂದಕ್ಕೊಂದು ಒಪ್ಪುವ ಮೂರೇ ಬಣ್ಣ ಆರಿಸಿ. ಉದಾಹರಣೆಗೆ ಬಿಳಿ, ಕಡುನೀಲಿ, ಕೆಂಪು. ಮೂರು ಅಂಗಿ, ಎರಡು ಪ್ಯಾಂಟು ಇದ್ದು ಎಲ್ಲವೂ ಒಂದಕ್ಕೊಂದು ಹೊಂದಿದರೆ ಆರು ಬಗೆಯ ಉಡುಪಾಗುತ್ತದೆ. ಸೀರೆ ಉಡುವವರು ಎರಡು ನೂಲಿನ ಸೀರೆ, ಸಂಜೆಗೆಂದು ಒಂದು ರೇಷ್ಮೆ ಸೀರೆ ಇಟ್ಟುಕೊಂಡರೆ ಸಾಕು. ಗಂಡಸರು ಸಂಜೆಗೆ ಒಂದು ಧೋತರ, ಒಂದು ಜುಬ್ಬಾ ಇಟ್ಟುಕೊಳ್ಳಿ. ಎಷ್ಟೇ ದೊಡ್ಡ ಹೋಟೆಲಿನ ಊಟದ ಕೋಣೆಯಲ್ಲಿ ಕುಳಿತರೂ ಇಸ್ತ್ರಿ ಮಾಡಿದ ಬಿಳಿ ಧೋತರಕ್ಕೆ ಅದರದೇ ಗೌರವವಿದೆ.

ತುಂಬುವ ಕ್ರಮ ಹೀಗಿರಲಿ. ಚಕ್ರವಿರುವ ಚೀಲವಾದರೆ ಪಾದರಕ್ಷೆಯಂಥ ಭಾರದ ವಸ್ತುಗಳನ್ನು ಚಕ್ರದ ಕಡೆಗೆ ಇಡಿ. ನಿಲ್ಲಿಸಿದಾಗ ಚೀಲ ಮುಗ್ಗರಿಸುವುದಿಲ್ಲ. ದಿನದ ಹತ್ತಿ ಬಟ್ಟೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ನಡುವೆ ಜೋಡಿಸಿ. ರೇಷ್ಮೆಯನ್ನು ಮಾತ್ರ ಸುತ್ತಬಾರದು. ಅದನ್ನು ಮಡಿಸಿ, ತೊಳೆದ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಹೊದಿಸಿ ಎಲ್ಲಕ್ಕಿಂತ ಮೇಲೆ ಇಡಿ. ಔಷಧಿ, ಗುರುತಿನ ಚೀಟಿ, ಫೋನಿನ ಚಾರ್ಜರ್ ಸದಾ ಕೈಚೀಲದಲ್ಲಿರಲಿ. ಹಂಪಿಯಲ್ಲಿ ಬಂಡೆ ಹತ್ತಬೇಕಾಗುತ್ತದೆ; ರಬ್ಬರಿನ ಅಡಿಯಿರುವ ಪಾದರಕ್ಷೆ ಹಾಕಿಕೊಳ್ಳಿ. ಕೊನೆಯದಾಗಿ, ಚೀಲದ ಕಾಲುಭಾಗವನ್ನು ಖಾಲಿ ಬಿಡಿ. ಅದು ನೀವು ಕೊಂಡು ತರುವ ವಸ್ತುವಿನ ಜಾಗ.

ಕೋಣೆಯನ್ನು ನೋಡುವ ಬಗೆ

ಮೂರನೆಯ ಪಾಠ ತಂಗುವುದರ ಬಗ್ಗೆ. ದೊಡ್ಡ ಹೋಟೆಲುಗಳಲ್ಲಿ ಎರಡು ಪದ ನಿಮ್ಮ ಕಿವಿಗೆ ಬೀಳುತ್ತವೆ. ‘ಸ್ವೀಟ್’ ಎಂದರೆ ಮಲಗುವ ಕೋಣೆಯ ಜೊತೆಗೆ ಕೂಡಲು ಬೇರೆ ಜಾಗವಿರುವ ವಿಶಾಲ ಕೋಣೆ. ‘ಕನ್ಸಿಯರ್ಜ್’ ಎಂದರೆ ಗಾಡಿ, ಮಾರ್ಗದರ್ಶಿ, ಟಿಕೆಟು ಮುಂತಾದ ಹೊರಗಿನ ಏರ್ಪಾಡು ಮಾಡಿಕೊಡುವ ಸಿಬ್ಬಂದಿ. ಅವರನ್ನು ಕೇಳಲು ಸಂಕೋಚ ಬೇಡ, ಅತಿಥಿಗೆ ನೆರವಾಗುವುದೇ ಅವರ ಕೆಲಸ. ಕೋಣೆ ಕಾಯ್ದಿರಿಸುವ ಮುನ್ನ ಮೂರು ವಿಷಯ ಕೇಳಿ: ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ, ಊಟ ತಿಂಡಿ ಸೇರಿದೆಯೇ, ವಾರದ ನಡುವಿನ ದಿನಗಳಲ್ಲಿ ದರ ಕಡಿಮೆಯೇ?

ಅತಿಥಿಯನ್ನು ನಡೆಸಿಕೊಳ್ಳುವ ಕಲೆ ಈ ಸೀಮೆಗೆ ಹೊಸದಲ್ಲ. 1443ರಲ್ಲಿ ಪರ್ಷಿಯಾದ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಾಗ, ಇಮ್ಮಡಿ ದೇವರಾಯನ ಆಸ್ಥಾನ ಅವನಿಗೆ ಉಳಿಯಲು ಮನೆ ಕೊಟ್ಟಿತು. ದಿನವೂ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಕಳಿಸಿತು. ಅದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ.

ಇಂದು ಅದೇ ನೆಲದಲ್ಲಿ, ಕಮಲಾಪುರದ ಹತ್ತಿರ, ‘ಎವಾಲ್ವ್ ಬ್ಯಾಕ್’ ಸಂಸ್ಥೆಯ ಕಮಲಾಪುರ ಪ್ಯಾಲೇಸ್ ಎಂಬ ಹೋಟೆಲಿದೆ. ವಿಜಯನಗರದ ಅರಮನೆಗಳನ್ನು ನೆನಪಿಸುವಂತೆ ಕಮಾನು, ಕಲ್ಲುಹಾಸಿನ ಅಂಗಳಗಳನ್ನಿಟ್ಟು ಅದನ್ನು ಕಟ್ಟಿದ್ದಾರೆ. ಅಲ್ಲಿ ತಂಗುವವರಿಗೆ ಒಂದು ಅಭ್ಯಾಸ ಹೇಳುತ್ತೇನೆ. ಬೆಳಿಗ್ಗೆ ಮೊದಲು ಹಂಪಿಯ ಕಮಲ ಮಹಲಿಗೆ ಹೋಗಿ. ಅದರ ಕಮಾನಿನ ಅಂಚು ಎಸಳು ಎಸಳಾಗಿ ಒಳಸರಿಯುವುದನ್ನು ಕಣ್ಣಿಂದ ಹಿಂಬಾಲಿಸಿ. ಅಲ್ಲೇ ಹತ್ತಿರ ಸಾಲಾಗಿ ಹನ್ನೊಂದು ಅಂಕಣಗಳಿರುವ ಆನೆಲಾಯದ ಗುಮ್ಮಟಗಳನ್ನು ನೋಡಿ. ಆಮೇಲೆ ಹೋಟೆಲಿಗೆ ಮರಳಿ ಅಲ್ಲಿಯ ಕಮಾನುಗಳ ಕೆಳಗೆ ನಿಲ್ಲಿ. ಮೂಲದಿಂದ ಏನನ್ನು ತೆಗೆದುಕೊಂಡಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬುದು ನಿಮಗೇ ಕಾಣತೊಡಗುತ್ತದೆ. ನಾನು ಅಭ್ಯಾಸ ಬೇಕು ಎಂದದ್ದು ಈ ನೋಟಕ್ಕೆ.

ಹೋಟೆಲಿನ ಗೋಡೆಯ ಮೇಲಿನ ಚಿತ್ರ, ಮೂಲೆಯಲ್ಲಿಟ್ಟ ಶಿಲ್ಪ ಕಂಡಾಗಲೂ ಮೂರು ಪ್ರಶ್ನೆ ಕೇಳಿ: ಇದನ್ನು ಯಾವುದರಿಂದ ಮಾಡಿದ್ದಾರೆ? ಯಾರು ಮಾಡಿದ್ದಾರೆ? ಇಲ್ಲೇ ಏಕೆ ಇಟ್ಟಿದ್ದಾರೆ? ಮೊದಲು ದೂರ ನಿಂತು ನೋಡಿ, ಆಮೇಲೆ ಹತ್ತಿರ ಹೋಗಿ. ಈ ಕಾಲದ ಕಲೆಯನ್ನೂ ನೋಡಬೇಕೆಂದರೆ ತೋರಣಗಲ್ಲಿನ ವಿದ್ಯಾನಗರದಲ್ಲಿ 2024ರಲ್ಲಿ ತೆರೆದ ಹಂಪಿ ಆರ್ಟ್ ಲ್ಯಾಬ್ಸ್ ಇದೆ. ಅದು ಪ್ರದರ್ಶನದ ಜಾಗವೂ ಹೌದು, ಕಲಾವಿದರು ಬಂದು ತಂಗಿ ಕೆಲಸ ಮಾಡುವ ಕಾರ್ಯಾಗಾರವೂ ಹೌದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಅರಮನೆಯಂಥ ಹೋಟೆಲಿನ ಬಾಡಿಗೆ ನಿಮಗೆ ಭಾರವಾದರೆ ಆನೆಗೊಂದಿಯ ಹಳೆಯ ಮನೆಗಳಲ್ಲಿ ತಂಗಬಹುದು. ಅಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಊರಿನ ಪರಂಪರೆಯನ್ನು ಉಳಿಸುವ ಕೆಲಸ ಮಾಡುತ್ತಿದೆ. ಊರಿನ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಮಣ್ಣಿನ ಗೋಡೆ, ಅಂಗಳದ ಗಾಳಿ, ಶುಚಿಯಾದ ಹಾಸಿಗೆ, ಬಿಸಿ ಊಟ: ಇದೂ ಐಷಾರಾಮವೇ.

ಈ ಸುತ್ತು ನಿಮಗೆ ಹಿಡಿಸಿದರೆ ಮುಂದಿನ ಮೆಟ್ಟಿಲುಗಳು ನಮ್ಮ ನಾಡಿನಲ್ಲೇ ಇವೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಅತಿಥಿಗಳಿಗೆಂದು ಕಟ್ಟಿಸಿದ ಮೈಸೂರಿನ ಲಲಿತ ಮಹಲ್ 1974ರಲ್ಲಿ ಹೋಟೆಲಾಯಿತು. 2008ರಲ್ಲಿ ಓಡತೊಡಗಿದ ಐಷಾರಾಮಿ ರೈಲು ‘ಗೋಲ್ಡನ್ ಚಾರಿಯಟ್’ ತನ್ನ ಹೆಸರನ್ನು ಹಂಪಿಯ ಕಲ್ಲಿನ ರಥದಿಂದ ಪಡೆದಿದೆ. ಅದರ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಮೊದಲಾದ ನಮ್ಮ ರಾಜವಂಶಗಳ ಹೆಸರಿಟ್ಟಿದ್ದಾರೆ.

ಕೊಳ್ಳುವ ಬಗೆ

ನಾಲ್ಕನೆಯ ಪಾಠ ಖರೀದಿ. ಅಬ್ದುರ್ ರಜಾಕ್ ಕಂಡ ವಿಜಯನಗರದ ಪೇಟೆಯಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರು. ಇಂದು ಆ ಸೀಮೆಯ ನಿಜವಾದ ಸಿರಿ ಕುಶಲಕರ್ಮಿಗಳ ಮನೆಗಳಲ್ಲಿದೆ.

ಮೊದಲು ಕಿನ್ನಾಳ. ಕೊಪ್ಪಳದ ಪಕ್ಕದ ಈ ಊರಿನ ಚಿತ್ರಗಾರರು ಹಗುರವಾದ ಮರದಲ್ಲಿ ದೇವರ ಮೂರ್ತಿ, ಗೊಂಬೆ, ಪ್ರಾಣಿ ಪಕ್ಷಿಗಳನ್ನು ಕೆತ್ತಿ, ಹುಣಸೆಬೀಜದ ಅಂಟು ಕಲಸಿದ ಲೇಪ ಹಚ್ಚಿ, ಮೇಲೆ ಗಾಢ ಬಣ್ಣ ಕೊಡುತ್ತಾರೆ. ಈ ಕಲೆಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಂದು ವಸ್ತುವಿನ ಗುಣಕ್ಕೂ ಅದು ಹುಟ್ಟಿದ ಊರಿಗೂ ನಂಟಿದೆ ಎಂದು ಕಾನೂನು ಒಪ್ಪಿ ಕೊಡುವ ಗುರುತು ಅದು.

ಮುಂದೆ ಇಳಕಲ್. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆ ಹಾಸು, ಅಡ್ಡಕ್ಕೆ ಹಾಯುವ ಎಳೆ ಹೊಕ್ಕು. ಬೇರೆ ಸೀರೆಗಳಲ್ಲಿ ಸಾಮಾನ್ಯವಾಗಿ ಮೈಯಿಂದ ಸೆರಗಿನವರೆಗೆ ಒಂದೇ ಹಾಸು ಸಾಗುತ್ತದೆ. ಇಳಕಲ್ ಸೀರೆಯಲ್ಲಿ ಮೈಗೆ ಒಂದು ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಇನ್ನೊಂದು ಹಾಸು. ನೇಕಾರರು ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಒಂದೊಂದೇ ಎಳೆಯನ್ನು ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಮಾಡಬೇಕು.

ಅಂಗಡಿಯಲ್ಲಿ ಸೀರೆ ಬಿಚ್ಚಿಸಿ, ಸೆರಗು ಆರಂಭವಾಗುವ ಜಾಗಕ್ಕೆ ಬನ್ನಿ. ಆ ಗೆರೆಯ ಮೇಲೆ ಬೆರಳಾಡಿಸಿ, ತಿರುವಿ ಹಿಂಬದಿಯನ್ನೂ ನೋಡಿ. ಕುಣಿಕೆಗಳ ಸಣ್ಣ ಸಾಲು ಬೆರಳಿಗೆ ತಾಕುತ್ತದೆ. ನಂತರ ಸೆರಗನ್ನು ಬೆಳಕಿಗೆ ಹಿಡಿಯಿರಿ. ಕೆಂಪಿನ ನಡುವೆ ಬಿಳಿಯಲ್ಲಿ ನೇಯ್ದ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ ಕಾಣುತ್ತವೆ. ನಮ್ಮ ಹೊಲ, ನಮ್ಮ ಕೋಟೆ ಸೆರಗಿನಲ್ಲಿ ಬಂದು ಕುಳಿತಿವೆ. ಮೈಮೇಲೆ ಕಸೂತಿ ಇದ್ದರೆ ಅದರ ಹಿಂಬದಿಯನ್ನೂ ನೋಡಿ. ಗವಂತಿ ಹೊಲಿಗೆ ಎರಡು ಬದಿಯಲ್ಲೂ ಒಂದೇ ತೆರನಾಗಿ, ಗಂಟಿಲ್ಲದೆ ಕಾಣಬೇಕು.

ಬೆಲೆಯ ವಿಷಯದಲ್ಲಿ ನೇರವಾಗಿ ಕೇಳಿ: ಇದು ಕೈಮಗ್ಗದ್ದೋ, ವಿದ್ಯುತ್ ಮಗ್ಗದ್ದೋ? ಮೈ ನೂಲಿನದೋ, ರೇಷ್ಮೆಯದೋ, ಕೃತಕ ರೇಷ್ಮೆಯದೋ? ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ ಎಂಬ ಗುರುತು ಚೀಟಿಗಳಿವೆ. ಅವನ್ನು ನೋಡಿ, ರಸೀದಿ ಪಡೆಯಿರಿ. ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದರಲ್ಲಿ ತಪ್ಪಿಲ್ಲ, ಅದಕ್ಕೆ ಕೈಮಗ್ಗದ ಬೆಲೆ ಕೊಡಬಾರದು ಅಷ್ಟೆ. ಕೈಮಗ್ಗದ್ದೆಂದು ಖಾತ್ರಿಯಾದ ಮೇಲೆ ಚೌಕಾಸಿಗೆ ನಿಲ್ಲಬೇಡಿ. ಆ ಬೆಲೆಯಲ್ಲಿ ಒಂದು ಮನೆಯವರೆಲ್ಲರ ಹಲವು ದಿನಗಳ ದುಡಿಮೆ ಸೇರಿದೆ. ಐದು ಅಗ್ಗದ ಸೀರೆಗಳಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಸೀರೆ ತಂದರೆ ಅದು ಮಗಳ ಕಾಲಕ್ಕೂ ಬರುತ್ತದೆ.

ಮನೆಗೆ ಮರಳುವ ಮುನ್ನ

ಇಳಕಲ್‌ನಿಂದ ಹೊರಟರೆ ಮುದಗಲ್ಲಿನ ಕೋಟೆ ಸಿಗುತ್ತದೆ, ಲಿಂಗಸುಗೂರು ದಾಟಿದರೆ ಮಸ್ಕಿ. ಅಲ್ಲಿ ಖಂಡಿತ ಇಳಿಯಿರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿಯ ಬಂಡೆಯ ಮೇಲೆ ಒಂದು ಶಾಸನ ಕಂಡ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯನ್ನು ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಿಂದ ಮಾತ್ರ ಕರೆದಿತ್ತು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಲೋಕದ ಇತಿಹಾಸಕ್ಕೆ ಬೇಕಾಗಿದ್ದ ಒಂದು ಸಾಕ್ಷಿ ನಮ್ಮ ಮನೆಯ ದಾರಿಯಲ್ಲೇ ಇದೆ.

ಈಗ ನಿಮಗೆ ನಾಲ್ಕೂ ಪಾಠ ಗೊತ್ತು: ಬಿಡುವಿರುವ ದಾರಿ, ಹಗುರವಾದ ಚೀಲ, ನೋಡಲು ಏನಾದರೂ ಇರುವ ಕೋಣೆ, ಅರಿತು ಕೊಂಡ ಒಂದು ವಸ್ತು. ಈ ಚಳಿಗಾಲಕ್ಕೆ ನಾಲ್ಕು ದಿನ ಗೊತ್ತುಮಾಡಿಕೊಳ್ಳಿ, ಮನೆಯವರನ್ನೂ ಒಪ್ಪಿಸಿ. ಹೋಗಿ ಬಂದ ಮೇಲೆ ನೀವು ಕಲಿತದ್ದನ್ನು ಓಣಿಯ ಇನ್ನೊಂದು ಮನೆಯವರಿಗೂ ಹೇಳಿಕೊಡಿ.