ತಿಂಗಳ ಸ್ರಾವ: ಸೂತಕವಲ್ಲ, ದೇಹದ ಸೂಚನೆ

ಬಸವಾದಿ ಶರಣರು ನಿರಾಕರಿಸಿದ ಪಂಚಸೂತಕಗಳು ಯಾವುವೆಂದು ಕೇಳಿದರೆ ನಮ್ಮ ಮನೆಯ ಮಕ್ಕಳೂ ಹೇಳಬಲ್ಲರು: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಇಷ್ಟಲಿಂಗವನ್ನು ಧರಿಸಿದ ಅಂಗಕ್ಕೆ ಇವುಗಳಲ್ಲಿ ಒಂದೂ ತಟ್ಟದು ಎಂಬುದು ಹನ್ನೆರಡನೆಯ ಶತಮಾನದಲ್ಲಿಯೇ ನೆಲೆಗೊಂಡ ನಿಲುವು. ಆದರೂ ಮುಟ್ಟಿನ ವಿಷಯ ಬಂದೊಡನೆ ಇಂದಿಗೂ ಅನೇಕ ಮನೆಗಳಲ್ಲಿ ದನಿ ತಗ್ಗುತ್ತದೆ. ಈ ಸಂಕೋಚದ ಮರೆಯಲ್ಲಿ, ಆರಂಭದಲ್ಲಿಯೇ ಗುರುತಿಸಬಹುದಾಗಿದ್ದ ತೊಂದರೆಗಳು ವರ್ಷಗಟ್ಟಲೆ ಬಲಿಯುತ್ತವೆ. ತಿಂಗಳ ಸ್ರಾವದ ಅಂತರ, ಅವಧಿ ಹಾಗೂ ಪ್ರಮಾಣ ಬದಲಾದಾಗ ದೇಹದ ಹಾರ್ಮೋನುಗಳು ಏನನ್ನು ತಿಳಿಸುತ್ತಿವೆ ಎಂಬುದನ್ನು ಸದ್ಭಕ್ತರು ಅರಿತಿರುವುದು ಅವಶ್ಯ.

ಋತುಚಕ್ರ ನಡೆಯುವ ಬಗೆ

ಮಿದುಳಿನ ತಳಭಾಗದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಅಲ್ಲಿಂದ ರಕ್ತದ ಮೂಲಕ ಬರುವ ಹಾರ್ಮೋನುಗಳು ಅಂಡಾಶಯದಲ್ಲಿ ಅಂಡವನ್ನು ಪಕ್ವಗೊಳಿಸುತ್ತವೆ. ಆಗ ಅಂಡಾಶಯವು ಈಸ್ಟ್ರೋಜನ್ ಹಾರ್ಮೋನನ್ನು ಸ್ರವಿಸಿ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡವು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಉತ್ಪತ್ತಿಯಾಗಿ, ಆ ಪದರವನ್ನು ಸುಮಾರು ಎರಡು ವಾರ ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ಹಾರ್ಮೋನುಗಳೂ ಇಳಿಯುತ್ತವೆ. ಪದರ ಕಳಚಿ ಸ್ರಾವವಾಗುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಹುಟ್ಟದು. ಆಗ ಪದರ ಅಂಕೆಯಿಲ್ಲದೆ ಬೆಳೆದು, ತಡವಾಗಿಯೂ ಅಧಿಕವಾಗಿಯೂ ಕಳಚುತ್ತದೆ. ಮುಟ್ಟಿನ ಏರುಪೇರುಗಳಲ್ಲಿ ಹೆಚ್ಚಿನವುಗಳ ಮೂಲ ಇಲ್ಲಿದೆ.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 35 ದಿನಗಳ ಅಂತರವಿದ್ದು, ಸ್ರಾವವು 2ರಿಂದ 7 ದಿನ ಇದ್ದರೆ ಅದು ಸಹಜ. ಮೈನೆರೆದ ಮೊದಲ ಎರಡು ಮೂರು ವರ್ಷಗಳಲ್ಲಿ ಅಂತರ 45 ದಿನಗಳವರೆಗೆ ಹೋದರೂ ಗಾಬರಿಪಡಬೇಕಿಲ್ಲ. ಹದಿನೈದು ವರ್ಷ ತುಂಬಿದರೂ ಮುಟ್ಟಾಗದ ಬಾಲಕಿಯನ್ನು ವೈದ್ಯರಿಗೆ ತೋರಿಸಬೇಕು.

ಬದಲಾವಣೆಗಳು ಹೇಳುವುದೇನು?

ಮುಟ್ಟು ತಪ್ಪಿದಾಗ ವಿವಾಹಿತೆಯರು ಮೊದಲು ಗರ್ಭಧಾರಣೆಯನ್ನು ಪರೀಕ್ಷಿಸಿಕೊಳ್ಳಬೇಕು. ಗರ್ಭವಿಲ್ಲದೆಯೂ ಮೂರು ತಿಂಗಳು ಸ್ರಾವವಾಗದಿದ್ದರೆ ಕಾರಣವನ್ನು ಹುಡುಕಲೇಬೇಕು. ಜೊತೆಯಲ್ಲಿ ಮುಖದ ಮೇಲೆ ಗಡುಸು ಕೂದಲು, ಮಾಯದ ಮೊಡವೆ, ಏರುವ ತೂಕ, ಕುತ್ತಿಗೆಯ ಹಿಂಭಾಗದಲ್ಲಿ ಉಜ್ಜಿದರೂ ಹೋಗದ ಕಪ್ಪು ಕಂಡರೆ ಪಿಸಿಓಎಸ್ ಇರಬಹುದು. ಕುತ್ತಿಗೆಯ ಆ ಕಪ್ಪನ್ನು ಮೈಯ ಕೊಳೆಯೆಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿಲ್ಲ ಎಂಬುದರ ಗುರುತು ಅದು. ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬ ಮುನ್ಸೂಚನೆಯೂ ಹೌದು. ತೂಕ ಹೆಚ್ಚಿರುವವರು ಅದರ ನೂರರಲ್ಲಿ ಐದರಿಂದ ಹತ್ತು ಭಾಗವನ್ನು ಇಳಿಸಿಕೊಂಡರೂ ಅನೇಕರಲ್ಲಿ ಋತುಚಕ್ರ ಲಯಕ್ಕೆ ಮರಳುತ್ತದೆ.

ಸ್ರಾವ ಅಧಿಕವಾಗಿ, ಅದರೊಡನೆ ಆಯಾಸ, ಮಲಬದ್ಧತೆ, ಚಳಿ ತಾಳಲಾರದಿರುವುದು, ಕೂದಲುದುರುವುದು ಇದ್ದರೆ ಥೈರಾಯ್ಡ್ ಮಂದವಾಗಿರುವ ಸಂಭವವಿದೆ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಯೋಡಿನ್ ಬೇಕು. ಕಡಲ ತಡಿಯ ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಅಯೋಡಿನ್ ಕೊರತೆ ಎಲ್ಲಿಂದ ಬರಬೇಕು ಎನಿಸುವುದು ಸಹಜ. ಆದರೆ ಕಡಲ ನೀರನ್ನು ಬಿಸಿಲಿಗೆ ಇಂಗಿಸಿ ತೆಗೆದ ಉಪ್ಪಿನಲ್ಲಿ ಅಯೋಡಿನ್ ಅತ್ಯಲ್ಪ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿರುವುದರಿಂದ ಹರಳುಪ್ಪು ಈ ಭಾಗದವರಿಗೆ ಹೊಸದಲ್ಲ. ಕಡಲ ಮೀನನ್ನು ಉಣ್ಣುವವರಿಗೆ ಅದರಿಂದಲೂ ಅಯೋಡಿನ್ ದೊರೆಯುತ್ತದೆ. ಸಸ್ಯಾಹಾರಿಗಳಾದ ನಮಗೆ ಹಾಲು ಹಾಗೂ ಅಯೋಡಿನ್ ಬೆರೆಸಿದ ಉಪ್ಪೇ ಮುಖ್ಯ ಆಧಾರ. ಆದ್ದರಿಂದ ನಿತ್ಯದ ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಮಿತವಾಗಿ ಬಳಸಬೇಕು. ಥೈರಾಯ್ಡ್ ರೋಗ ಈಗಾಗಲೇ ಇದ್ದವರಿಗೆ ಉಪ್ಪು ಔಷಧವಾಗದು. ಅವರು ವೈದ್ಯರು ಹೇಳಿದ ಮಾತ್ರೆಯನ್ನು ತಪ್ಪದೆ ಸೇವಿಸಬೇಕು.

ಗಂಟೆಗೊಂದು ಪ್ಯಾಡ್ ತೊಯ್ಯುವುದು, ದೊಡ್ಡ ಗಡ್ಡೆಗಳು ಬೀಳುವುದು, ಏಳು ದಿನ ಮೀರಿದರೂ ಸ್ರಾವ ನಿಲ್ಲದಿರುವುದು ಸಾಮಾನ್ಯವಲ್ಲ. ಇವುಗಳಿಗೆ ಹಾರ್ಮೋನು ಕಾರಣವಿರಬಹುದು. ಗರ್ಭಕೋಶದ ಗಡ್ಡೆಯೂ ಇರಬಹುದು. ಕಾರಣ ಯಾವುದೇ ಇರಲಿ, ನಷ್ಟವಾಗುವುದು ರಕ್ತ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

ನಲವತ್ತೈದರ ಆಸುಪಾಸಿನಲ್ಲಿ ಚಕ್ರವು ಹಿಂದುಮುಂದಾಗುವುದು ವಯೋಧರ್ಮ. ಹನ್ನೆರಡು ತಿಂಗಳು ಒಮ್ಮೆಯೂ ಸ್ರಾವವಾಗದಿದ್ದರೆ ಮುಟ್ಟು ನಿಂತಿತೆಂದು ತಿಳಿಯಬೇಕು. ಆ ಬಳಿಕ ಒಂದು ಹನಿ ಕಂಡರೂ ಕೂಡಲೇ ಪರೀಕ್ಷೆಯಾಗಬೇಕು. ಗರ್ಭಕೋಶದ ಕ್ಯಾನ್ಸರಿನ ಮೊದಲ ಕುರುಹು ಬಹುಮಟ್ಟಿಗೆ ಅದೇ. ನಲವತ್ತಕ್ಕೆ ಮೊದಲೇ ಮುಟ್ಟು ನಿಂತರೂ ಸುಮ್ಮನಿರಬಾರದು, ಏಕೆಂದರೆ ಈಸ್ಟ್ರೋಜನ್ ಬೇಗ ಇಳಿದರೆ ಎಲುಬುಗಳು ಟೊಳ್ಳಾಗುತ್ತವೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ.

ಸೂಚನೆಯನ್ನು ಅಡಗಿಸಬೇಡಿ

ಜಾತ್ರೆ, ಮದುವೆ, ಗೃಹಪ್ರವೇಶ ಸಮೀಪಿಸಿದಾಗ ಔಷಧದಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸುವ ರೂಢಿ ನಮ್ಮಲ್ಲಿಯೂ ಇದೆ. ಇದು ಸಾಮಾನ್ಯವಾಗಿ ನಾರೆಥಿಸ್ಟೆರಾನ್ ಎಂಬ ಹಾರ್ಮೋನು. ವೈದ್ಯರ ಸಲಹೆಯ ಮೇರೆಗೆ ಅಪರೂಪಕ್ಕೊಮ್ಮೆ ಸೇವಿಸುವುದು ಬೇರೆ, ಪ್ರತಿ ಹಬ್ಬಕ್ಕೂ ತಾವಾಗಿಯೇ ನುಂಗುವುದು ಬೇರೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಪಿತ್ತಜನಕಾಂಗದ ರೋಗವುಳ್ಳವರಿಗೆ ಇದು ಅಪಾಯಕಾರಿ. ಪದೇ ಪದೇ ನುಂಗಿದರೆ ಚಕ್ರದ ನಿಜವಾದ ಲಯವೇ ತಿಳಿಯದಂತಾಗಿ ರೋಗದ ಗುರುತು ಮುಚ್ಚಿಹೋಗುತ್ತದೆ. ಲಿಂಗಪೂಜೆಗೆ ಆ ದಿನಗಳು ಅಡ್ಡಿಯಲ್ಲವೆಂದು ಶರಣರು ಸಾರಿರುವಾಗ ದೇವರ ಹೆಸರಿನಲ್ಲಿ ಈ ಮಾತ್ರೆಯ ಹಂಗು ನಮಗೇಕೆ?

ಇನ್ನೊಂದು ಎಚ್ಚರವೂ ಅವಶ್ಯ. ಬಿಳಿಸೆರಗು, ಹೊಟ್ಟೆನೋವು, ಅಧಿಕ ಸ್ರಾವವೆಂದು ಹೋದ ಹೆಣ್ಣುಮಕ್ಕಳ ಗರ್ಭಕೋಶವನ್ನೇ ಅನಗತ್ಯವಾಗಿ ತೆಗೆದುಹಾಕಿದ ಪ್ರಕರಣಗಳು 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಬೆಳಕಿಗೆ ಬಂದವು. ಅವರಲ್ಲಿ ತಾಂಡಾಗಳ ಬಡ ಮಹಿಳೆಯರು ಅನೇಕರು. ಅನಗತ್ಯ ಶಸ್ತ್ರಕ್ರಿಯೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ರಾಜ್ಯಗಳಿಗೆ ಆದೇಶಿಸಿತು. ಔಷಧದಿಂದ ಹತೋಟಿಗೆ ಬರುವ ತೊಂದರೆಗೆ ಗರ್ಭಕೋಶವನ್ನು ತೆಗೆಯಬೇಕೆಂದು ಯಾರಾದರೂ ಹೇಳಿದರೆ ಮತ್ತೊಬ್ಬ ತಜ್ಞರ ಅಭಿಪ್ರಾಯವನ್ನು ಪಡೆಯಿರಿ. ಅಂಡಾಶಯವನ್ನೂ ತೆಗೆಯುವರೇ ಎಂದು ತಪ್ಪದೆ ಕೇಳಿರಿ.

ಮನೆಯಲ್ಲಿ ಮಾಡಬೇಕಾದುದು

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವಂತೆಯೇ ಮುಟ್ಟಿನ ಲೆಕ್ಕವನ್ನೂ ಬರೆದಿಡಿ. ಆರಂಭವಾದ ದಿನ, ನಿಂತ ದಿನ, ದಿನಕ್ಕೆ ಬದಲಿಸಿದ ಪ್ಯಾಡ್ ಅಥವಾ ಬಟ್ಟೆಗಳ ಸಂಖ್ಯೆ, ಗಡ್ಡೆ ಹಾಗೂ ನೋವು ಇದ್ದಲ್ಲಿ ಅದರ ಗುರುತು, ಇಷ್ಟು ಸಾಕು. ಮಾವಿನಕುರ್ವೆಯಂಥ ಊರಿನಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ತೋಟ, ಗದ್ದೆ, ಮನೆಯ ಕೆಲಸಗಳನ್ನು ಬಿಡಬೇಕಾಗುತ್ತದೆ. ಮೂರು ತಿಂಗಳ ಲೆಕ್ಕ ಕೈಯಲ್ಲಿದ್ದರೆ ವೈದ್ಯರು ಆ ಒಂದೇ ಭೇಟಿಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಸ್ಕ್ಯಾನಿಂಗ್ ಇವುಗಳಲ್ಲಿ ಯಾವುದು ಬೇಕೆಂದು ನಿರ್ಧರಿಸಬಲ್ಲರು. ಆಸ್ಪತ್ರೆಯ ದಾರಿ ತಿಳಿಯದವರಿಗೆ ಊರಿನ ಆಶಾ ಕಾರ್ಯಕರ್ತೆ ನೆರವಾಗುವರು.

ತಲೆಸುತ್ತಿ ಬೀಳುವಷ್ಟು ಸ್ರಾವವಾದರೆ, ಅಥವಾ ಗರ್ಭಿಣಿಗೆ ರಕ್ತ ಕಂಡರೆ, ಯಾವ ಲೆಕ್ಕಕ್ಕೂ ಕಾಯದೆ 108ಕ್ಕೆ ಕರೆಮಾಡಿರಿ.

ಆ ಕ್ಯಾಲೆಂಡರಿನ ಗುರುತನ್ನು ಮನೆಯ ಗಂಡಸರೂ ಸಂಕೋಚವಿಲ್ಲದೆ ನೋಡುವಂತಾಗಲಿ. ತಾಯಿ ಮಗಳಿಗೆ ಮೈನೆರೆಯುವ ಮುನ್ನವೇ ಈ ವಿಷಯವನ್ನು ತಿಳಿಸಿಕೊಡಲಿ. ತಂದೆಯು ಮಗಳನ್ನು ಜ್ವರಕ್ಕೆಂದು ಕರೆದೊಯ್ಯುವಷ್ಟೇ ಸಹಜವಾಗಿ ಇದಕ್ಕೂ ವೈದ್ಯರ ಬಳಿಗೆ ಕರೆದೊಯ್ಯಲಿ.